ಆನೆಯ ಜೀವಕೋಶವೇಕೆ ದೊಡ್ಡದಲ್ಲ?

ಸಕಲೇಶಪುರದಿಂದ ಘಟ್ಟವಿಳಿದು ಸುಬ್ರಹ್ಮಣ್ಯದತ್ತ ಸಾಗುವ ರೈಲುಮಾರ್ಗದಲ್ಲಿ, ದಟ್ಟವಾದ ಕಾಡಿನ ನಡುವೆ ಎಡಕುಮೇರಿ ನಿಲ್ದಾಣವಿದೆ. ಮಳೆಗಾಲದಲ್ಲಿ ಇಲ್ಲಿಯ ಬಂಡೆಗಳು ಹಾವಸೆಯ ಹಸುರನ್ನು ಹೊದೆಯುತ್ತವೆ. ತರಗೆಲೆಗಳ ನಡುವೆ ಇಂಬಳಗಳು ತಲೆಯೆತ್ತುತ್ತವೆ. ಇದೇ ಸೀಮೆಯಲ್ಲಿ ಆನೆಗಳೂ ಸಂಚರಿಸುತ್ತವೆ. ಅಲ್ಪವಾದ ಇಂಬಳವೆಲ್ಲಿ, ಆನೆಯೆಲ್ಲಿ! ಆದರೂ ಎರಡೂ ಜೀವಕೋಶಗಳಿಂದಲೇ ಕಟ್ಟಿದ ದೇಹಗಳು. ದೊಡ್ಡ ಪ್ರಾಣಿಯ ಕೋಶಗಳೂ ದೊಡ್ಡವಾಗಿರಬೇಕೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಸೂಕ್ಷ್ಮದರ್ಶಕವು ಹೇಳುವುದೇ ಬೇರೆ.

ಸುಂಡಿಲಿಯ ಕೆಂಪು ರಕ್ತಕಣದ ಅಡ್ಡಳತೆ ಸುಮಾರು 6 ಮೈಕ್ರಾನ್, ಮನುಷ್ಯನದು ಸುಮಾರು ಏಳೂವರೆ, ಆನೆಯದು ಸುಮಾರು 9. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. 20 ಗ್ರಾಂ ತೂಗುವ ಸುಂಡಿಲಿಗಿಂತ 4,000 ಕಿಲೋಗ್ರಾಂ ತೂಗುವ ಆನೆ 2 ಲಕ್ಷ ಪಟ್ಟು ಭಾರವಾಗಿದೆ. ರಕ್ತಕಣದ ಅಗಲವಾದರೋ ಒಂದೂವರೆ ಪಟ್ಟು ಮಾತ್ರ. ಇತರ ಕೋಶಗಳ ಮಾತೂ ಬಹುಮಟ್ಟಿಗೆ ಹೀಗೆಯೇ. ಆನೆಯು ದೊಡ್ಡದಾದುದು ಕೋಶಗಳ ಸಂಖ್ಯೆಯಿಂದ, ಅವುಗಳ ಗಾತ್ರದಿಂದಲ್ಲ. ಇದಕ್ಕೆ ಕಾರಣವೇನು?

ಈ ಬೆಟ್ಟಗಳ ಬೆಳೆಯಾದ ಕಾಫಿಯೇ ನಮಗೆ ಒಂದು ದೃಷ್ಟಾಂತವನ್ನು ಒದಗಿಸುತ್ತದೆ. ಹುರಿದ ಬೀಜವನ್ನು ಇಡಿಯಾಗಿ ಬಿಸಿನೀರಿಗೆ ಹಾಕಿದರೆ ಕಷಾಯ ಸರಿಯಾಗಿ ಇಳಿಯದು. ಪುಡಿ ಮಾಡಿ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಬೀಜದ ತೂಕ ಹೆಚ್ಚಲಿಲ್ಲ. ನೀರಿಗೆ ಸೋಂಕುವ ಮೈ ಹೆಚ್ಚಿತು. ಲೆಕ್ಕ ಹಾಕಿ ನೋಡೋಣ. 1 ಸೆಂಟಿಮೀಟರ್ ಬಾಹುವಿನ ಘನಾಕೃತಿಯ ಮೇಲ್ಮೈ 6 ಚದರ ಸೆಂಟಿಮೀಟರ್, ಘನಫಲ 1 ಘನ ಸೆಂಟಿಮೀಟರ್. ಬಾಹುವನ್ನು 2 ಸೆಂಟಿಮೀಟರಿಗೆ ಏರಿಸಿದರೆ ಮೇಲ್ಮೈ 24, ಘನಫಲ 8. 10ಕ್ಕೆ ಏರಿಸಿದರೆ ಮೇಲ್ಮೈ 600, ಘನಫಲ 1,000. ಮೇಲ್ಮೈಯು ವರ್ಗದಂತೆ ಬೆಳೆದರೆ ಘನಫಲವು ಘನದಂತೆ ಬೆಳೆಯುತ್ತದೆ. ಆದುದರಿಂದ ಪ್ರತಿಯೊಂದು ಘನ ಸೆಂಟಿಮೀಟರಿನ ಪಾಲಿಗೆ ಬರುವ ಮೇಲ್ಮೈ 6ರಿಂದ 3ಕ್ಕೆ, ಕೊನೆಗೆ 0.6ಕ್ಕೆ ಇಳಿಯುತ್ತದೆ.

ಜೀವಕೋಶಕ್ಕೆ ಅದರ ಹೊರಪೊರೆಯೇ ಬಾಗಿಲು. ಆಹಾರವೂ ಆಮ್ಲಜನಕವೂ ಒಳಬರುವುದು, ಕಲ್ಮಷ ಹೊರಹೋಗುವುದು ಅದರ ಮೂಲಕವೇ. ಉಣ್ಣುವ ಒಡಲು ಘನಫಲದಂತೆ ಬೆಳೆದು, ಉಣಿಸುವ ಬಾಗಿಲು ಹಿಂದೆ ಬಿದ್ದರೆ ಕೋಶವು ಹಸಿವಿನಿಂದ ಸಾಯಬೇಕಾಗುತ್ತದೆ.

ಬಾಗಿಲನ್ನು ದಾಟಿದ ಮೇಲೂ ಕಷ್ಟ ತಪ್ಪದು. ಆಮ್ಲಜನಕದ ಅಣುಗಳು ನೀರಿನಲ್ಲಿ ಅಡ್ಡಾದಿಡ್ಡಿಯಾಗಿ ಅಲೆಯುತ್ತ ಹರಡುತ್ತವೆ. ಈ ವಿಸರಣಕ್ಕೆ ಬೇಕಾಗುವ ಕಾಲವು ದೂರದ ವರ್ಗದಂತೆ ಹೆಚ್ಚುತ್ತದೆ. 10 ಮೈಕ್ರಾನ್ ದೂರಕ್ಕೆ ಸೆಕೆಂಡಿನ ನಲವತ್ತರಲ್ಲೊಂದು ಪಾಲು ಸಾಕು. 1 ಮಿಲಿಮೀಟರಿಗೆ ಸುಮಾರು 4 ನಿಮಿಷ ಬೇಕು. 1 ಸೆಂಟಿಮೀಟರಿಗೆ ಸುಮಾರು 7 ಗಂಟೆ!

ಈ ಸಂಕಟಕ್ಕೆ ಜೀವಕೋಶವು ಕಂಡುಕೊಂಡಿರುವ ಮುಖ್ಯ ಪರಿಹಾರ ವಿಭಜನೆ. ಒಂದು ಗೋಳವು ಸಮನಾದ ಎರಡು ಗೋಳಗಳಾಗಿ ಒಡೆದರೆ, ಘನಫಲ ಅಷ್ಟೇ ಇದ್ದರೂ ಒಟ್ಟು ಮೇಲ್ಮೈ ಶೇಕಡಾ 26ರಷ್ಟು ಹೆಚ್ಚುತ್ತದೆ. ತೆಳುವಾಗುವುದು ಇನ್ನೊಂದು ಉಪಾಯ. ನರಕೋಶದ ಎಳೆ ಎಷ್ಟೇ ಉದ್ದವಾದರೂ ತೀರ ಸಪೂರ. ಕೋಳಿಮೊಟ್ಟೆಯ ಹಳದಿ ಭಾಗವು ಒಂದೇ ಕೋಶವಾಗಿದ್ದರೂ ಅದರ ಬಹುಭಾಗ ಕೂಡಿಟ್ಟ ಆಹಾರ. ಚಟುವಟಿಕೆಯುಳ್ಳ ಜೀವರಸವು ಮೇಲಿನ ಚಿಕ್ಕದೊಂದು ಬಿಲ್ಲೆಯಲ್ಲಿದೆ.

ಇದೇ ನಿಯಮವು ಇಡೀ ದೇಹಕ್ಕೂ ಅನ್ವಯಿಸುತ್ತದೆ. ಹಾವಸೆಯ ಎಲೆ ಸಾಮಾನ್ಯವಾಗಿ ಒಂದೇ ಕೋಶದಷ್ಟು ದಪ್ಪ. ಇಂಬಳಕ್ಕೆ ಶ್ವಾಸಕೋಶವಿಲ್ಲ, ಅದರ ಕಿರಿದಾದ ಒಡಲಿಗೆ ತೇವದ ಚರ್ಮದ ಉಸಿರಾಟವೇ ಸಾಕು. ಆನೆಗೆ ಅದು ಸಾಲದು. ಆದುದರಿಂದಲೇ ಅದರ ಶ್ವಾಸಕೋಶದೊಳಗೆ ಅಸಂಖ್ಯ ಗಾಳಿಗೂಡುಗಳಿವೆ. ಕೂದಲಿಗಿಂತ ಸಪೂರವಾದ ರಕ್ತನಾಳಗಳು ಕೋಶಗಳ ಮನೆಬಾಗಿಲಿಗೇ ಆಮ್ಲಜನಕವನ್ನು ಒಯ್ಯುತ್ತವೆ.

ರೋಗವೂ ಈ ನಿಯಮವನ್ನು ಮೀರಲಾರದು. ಹೊಸ ರಕ್ತನಾಳಗಳನ್ನು ತನ್ನೆಡೆಗೆ ಸೆಳೆದುಕೊಳ್ಳದ ಕ್ಯಾನ್ಸರ್ ಗಡ್ಡೆಯು ಒಂದೆರಡು ಮಿಲಿಮೀಟರುಗಳಿಗಿಂತ ಹೆಚ್ಚು ಬೆಳೆಯಲಾರದೆಂದೂ, ಆ ನಾಳಗಳನ್ನು ತಡೆಯುವುದೇ ಒಂದು ಚಿಕಿತ್ಸೆಯಾಗಬಹುದೆಂದೂ ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ವಾದಿಸಿದರು. ಅಂಥ ಔಷಧಿಗಳು ಇಂದು ಬಳಕೆಯಲ್ಲಿವೆ. ಕಾಫಿಪುಡಿಯಲ್ಲಿ ನಾವು ಕಂಡ ಲೆಕ್ಕವೇ ಹೀಗೆ ರೋಗಿಯ ಹಾಸಿಗೆಯ ಬಳಿಯವರೆಗೂ ಬಂದಿದೆ.