ಅಂತರಿಕ್ಷದ ಬಿಸಿಲಿಗೆ ಬೆಲೆ ಎಷ್ಟು?

ಹುಬ್ಬಳ್ಳಿ-ಧಾರವಾಡದ ತಾರಸಿಗಳಿಗೆ ಸೂರ್ಯನೇನೋ ಪುಕ್ಕಟೆ. 2024ರ ಪಿಎಂ ಸೂರ್ಯಘರ್ ಯೋಜನೆಯಡಿ 3 ಕಿಲೋವಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವೂ ಉಂಟು. ಆದರೆ ಆಷಾಢದ ಮೋಡ ಧಾರವಾಡವನ್ನು ಕವಿದರೆ ಉತ್ಪಾದನೆ ಕುಸಿಯುತ್ತದೆ, ರಾತ್ರಿಯಂತೂ ಸೊನ್ನೆ.

ಮೋಡವೇ ಇಲ್ಲದಲ್ಲಿ ಫಲಕ ಹಾಸಿದರೆ? 1968ರಲ್ಲಿ ಎಂಜಿನಿಯರ್ ಪೀಟರ್ ಗ್ಲೇಸರ್ ಮುಂದಿಟ್ಟ ವಿಚಾರವಿದು. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹವು ಬಿಸಿಲನ್ನು ವಿದ್ಯುತ್ತಾಗಿಸಿ, ಮೈಕ್ರೋವೇವ್ ಆಗಿ ಭೂಮಿಗೆ ಕಳಿಸಬೇಕು. ಆ ಎತ್ತರದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 1,361 ವಾಟ್ ಬಿಸಿಲು, ಅದೂ ಹೆಚ್ಚುಕಡಿಮೆ ವರ್ಷವಿಡೀ. 2023ರಲ್ಲಿ ಕ್ಯಾಲ್ಟೆಕ್ ತಂಡ ಕಕ್ಷೆಯಲ್ಲಿ ನಿಸ್ತಂತು ವಿದ್ಯುತ್ ರವಾನೆಯನ್ನು ಸಾಧಿಸಿಯೂ ತೋರಿಸಿತು.

ತೊಡಕಿರುವುದು ಲೆಕ್ಕದಲ್ಲಿ. ನಾಸಾದ 2024ರ ವರದಿ ಅಂತರಿಕ್ಷದ ಯೂನಿಟ್‌ಗೆ 61 ಸೆಂಟ್‌ನಿಂದ 1.59 ಡಾಲರ್ ಅಂದಾಜಿಸಿತು. ನೆಲದ ಪರ್ಯಾಯಗಳಿಗೆ 2ರಿಂದ 5 ಸೆಂಟ್. ದುಬಾರಿಯಾಗಿಸುವುದು ಬಿಸಿಲಲ್ಲ, ಮುಖ್ಯವಾಗಿ ರಾಕೆಟ್ ಸಾಗಣೆ.

ನೆಲದ ಸೌರವಿದ್ಯುತ್ತಿಗೆ ಜಮೀನೂ ಬೇಕು: ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಎದ್ದಿದೆ. ಬಾಡಿಗೆ ನೇರ ರೈತನಿಗೇ. ಅಂತರಿಕ್ಷದ ಕಿರಣ ಹಿಡಿಯಲೂ ನೆಲದಲ್ಲಿ ಕಿಲೋಮೀಟರುಗಟ್ಟಲೆ ಆಂಟೆನಾ ಬೇಕು, ಹಾಗಾಗಿ ಜಮೀನಿನ ಪ್ರಶ್ನೆ ತಪ್ಪದು. ಸದ್ಯಕ್ಕೆ ಕರ್ನಾಟಕದ ಹಣ, ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡುವ ಬ್ಯಾಟರಿ ಸಂಗ್ರಹಕ್ಕೆ ಹೋಗುವುದೇ ಲೇಸು. ಆದರೆ ಉಡಾವಣೆ, ತಯಾರಿಕೆ ಮುಂತಾದವೆಲ್ಲ ಬಹಳ ಅಗ್ಗವಾದರೆ ಅಂತರಿಕ್ಷದ ಯೂನಿಟ್ 3ರಿಂದ 8 ಸೆಂಟ್‌ಗೆ ಇಳಿಯಬಹುದೆಂದೂ ನಾಸಾದ ಅದೇ ವರದಿ ಲೆಕ್ಕ ಹಾಕಿದೆ.