ಮಾಯವಾದ ಪುಟ ಮರಳಿ ಬಂತು

ಟೈಪ್ ಮಾಡಿದ್ದೆಲ್ಲ ಸೇವ್ ಆಗುವವರೆಗೆ ಕಂಪ್ಯೂಟರಿನ ರ್‍ಯಾಮ್‌ನಲ್ಲಿರುತ್ತದೆ. ಕರೆಂಟು ಹೋದರೆ ಅದು ಒರೆಸಿದ ಸ್ಲೇಟು. ಮೊನ್ನೆ ಅಜ್ಜಿ ಹೇಳಿಕೊಟ್ಟ ಸೋಬಾನೆ ಪದಗಳನ್ನು ಮೊಮ್ಮಗಳು ವರ್ಡ್‌ನಲ್ಲಿ ಬರೆದುಕೊಳ್ಳುತ್ತಿದ್ದಾಗ ಹಾಗೇ ಆಯಿತು. ಆ ಪದಗಳನ್ನು ಬಲ್ಲವಳು ನಮ್ಮ ಮನೆಯಲ್ಲಿ ಅಜ್ಜಿಯೊಬ್ಬಳೇ. ಪುಟ್ಟಿಗೆ ಅಳುವೇ ಬಂತು.

"ತಾಳು ಮಗಾ" ಎಂದೆ. ವರ್ಡ್ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ತಾನೇ ಒಂದು ಪ್ರತಿಯನ್ನು ಡಿಸ್ಕಿನಲ್ಲಿ ಎತ್ತಿಡುತ್ತದೆ. ಕರೆಂಟು ಬಂದಮೇಲೆ ತೆರೆದರೆ ಎಡಗಡೆ 'ಡಾಕ್ಯುಮೆಂಟ್ ರಿಕವರಿ' ಪಟ್ಟಿ ಕಂಡಿತು. ಕೊನೆಯ ಎರಡು ಪದ ಮಾತ್ರ ಇರಲಿಲ್ಲ. ಅವನ್ನು ಅಜ್ಜಿ ಮತ್ತೆ ಹಾಡಿದಳು, ಈ ಸಲ ಇನ್ನೊಂದು ನುಡಿ ಸೇರಿಸಿ!

ಪಟ್ಟಿ ಬಾರದಿದ್ದರೆ ಫೈಲ್, ಇನ್ಫೋ, ಮ್ಯಾನೇಜ್ ಡಾಕ್ಯುಮೆಂಟ್ ಒತ್ತಿ 'ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್' ಆರಿಸಿ. ಸಿಕ್ಕಿದ್ದನ್ನು ಮೊದಲು ಹೆಸರು ಕೊಟ್ಟು ಸೇವ್ ಮಾಡಿ, ಮಕ್ಕಳೇ, ಓದುವುದು ಆಮೇಲೆ.