ನಿಮ್ಮ ಹೊಟ್ಟೆ ಕುಯ್ಯುವಾಗ ಬೇಕೋ, ಬೇಡವೋ?

2003ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರ ಕೂಸಿಗೆ ಪೋಲಿಯೊ ತಗುಲಿತು. ಸುತ್ತಲಿನ ಸೀಮೆಯಲ್ಲೆಲ್ಲ ಮೂರೇ ದಿನದಲ್ಲಿ 42 ಲಕ್ಷ ಮಕ್ಕಳಿಗೆ ಹನಿ ಹಾಕುವ ಕೆಲಸ ಶುರುವಾಯಿತು. ಅದನ್ನು ಕಣ್ಣಾರೆ ನೋಡಲು ಸಿರುಗುಪ್ಪ ಕಡೆಯ ಹಳ್ಳಿಗಳನ್ನು ಸುತ್ತಿದವರಲ್ಲಿ ಬೋಸ್ಟನ್ನಿನ ಸರ್ಜನ್ ಅತುಲ್ ಗವಾಂಡೆಯೂ ಇದ್ದರು. ಹನಿ ಬಿದ್ದ ಮಗುವಿನ ಕಿರುಬೆರಳಿಗೆ ಶಾಯಿ, ಮನೆಬಾಗಿಲಿಗೆ ಸೀಮೆಸುಣ್ಣದ ಗುರುತು. ಗುರುತು ಹಾಕುತ್ತ ಹೋಗುವ ಈ ಶಿಸ್ತಿನ ಬೆಲೆ ಅವರಿಗೆ ತಿಳಿದದ್ದು ನಮ್ಮ ಕಡೆಯೇ ಎಂದು ನಾನು ಹೇಳಿದರೆ, ಊರಿನ ಅಭಿಮಾನ ಅಂದುಕೊಳ್ಳಿ.

2006ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯಿಂದ ಅವರಿಗೆ ಫೋನ್ ಬಂತು. ಆಪರೇಷನ್ನಿನಿಂದಲೇ ಸಾಯುವವರ ಸಂಖ್ಯೆ ಇಳಿಸಬೇಕು, ಕೈಯಲ್ಲಿ ಹೆಚ್ಚು ದುಡ್ಡಿಲ್ಲ. ಹೊಸ ಯಂತ್ರ ಕೊಡುವಂತಿಲ್ಲ, ಹೊಸ ಡಾಕ್ಟರರನ್ನು ನೇಮಿಸುವಂತಿಲ್ಲ. ಕೊನೆಗೆ ಉಳಿದದ್ದು ಒಂದು ಹಾಳೆ. ವಿಮಾನ ಏರಿಸುವ ಮುಂಚೆ ಪೈಲಟ್‌ಗಳು ಓದುವಂಥ ಪಟ್ಟಿ. ಬೋಯಿಂಗ್ ಕಂಪನಿಯವರನ್ನೇ ಕೇಳಿ ತಿದ್ದಿದರು. ಅರಿವಳಿಕೆಗೆ ಮುಂಚೆ, ಕತ್ತಿ ಹಾಕುವ ಮುಂಚೆ, ರೋಗಿಯನ್ನು ಹೊರಗೆ ಕಳಿಸುವ ಮುಂಚೆ, ಒಟ್ಟು 19 ಅಂಶ. ಇವರೇ ತಾನೆ ರೋಗಿ? ಎಡಗಡೆಯೋ ಬಲಗಡೆಯೋ? ಆಂಟಿಬಯೋಟಿಕ್ ಕೊಟ್ಟಾಯಿತೆ? ಮಾಪು, ಸೂಜಿ ಲೆಕ್ಕ ಸರಿಯಿದೆಯೆ? ಜತೆಗೆ ಒಂದು ವಿಚಿತ್ರ ಅಂಶ: ಟೇಬಲ್ ಸುತ್ತ ನಿಂತವರೆಲ್ಲ ತಮ್ಮ ಹೆಸರು, ಕೆಲಸ ಹೇಳಬೇಕು.

ನಗು ಬಂದದ್ದು ಅಲ್ಲೇ. ಓಟಿಯಲ್ಲಿ ಸರ್ ಮಾತೇ ಮಾತು. ಸಿಸ್ಟರ್ ಬಾಯಿ ತೆರೆಯುವುದು ಕತ್ತರಿ ಕೇಳಿದಾಗ ಮಾತ್ರ. ಆದರೆ ಶುರುವಿನಲ್ಲೇ ಒಮ್ಮೆ ಹೆಸರು ಹೇಳಿದವಳು ನಡುವೆ "ಸರ್, ಒಂದ್ನಿಮಿಷ" ಅನ್ನಲು ಅಷ್ಟು ಹೆದರುವುದಿಲ್ಲ. ಹಾಳೆಯ ಗುಟ್ಟು ಇದೇ ಎಂದು ನನ್ನ ಎಣಿಕೆ.

ದೆಹಲಿ, ಮನಿಲಾ, ಲಂಡನ್, ತಾಂಜಾನಿಯಾದ ಇಫಕಾರಾ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷೆ ನಡೆಯಿತು. 2009ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಸಾವು ಶೇ 1.5ರಿಂದ 0.8ಕ್ಕೆ, ತೊಡಕುಗಳು ಶೇ 11ರಿಂದ 7ಕ್ಕೆ ಇಳಿದಿದ್ದವು.

ಓಟಿಯವರನ್ನೂ ಕೇಳಿದ್ದರು. ನೂರರಲ್ಲಿ ಸುಮಾರು ಎಂಬತ್ತು ಮಂದಿ ಸುಲಭ ಅಂದರು, ಉಳಿದವರು ಗೊಣಗಿದರು. ಆಮೇಲೆ ಇನ್ನೊಂದು ಪ್ರಶ್ನೆ: ಟೇಬಲ್ ಮೇಲೆ ಮಲಗಿದವರು ನೀವೇ ಆದರೆ ಈ ಪಟ್ಟಿ ಓದಬೇಕೋ ಬೇಡವೋ? ಬೇಕು ಅಂದವರು ಶೇ 93. ಗೊಣಗಿದವರಲ್ಲೂ ಬಹಳ ಮಂದಿಗೆ ತಮ್ಮ ಮೈಗೆ ಮಾತ್ರ ಅದು ಬೇಕಿತ್ತು!

ಗವಾಂಡೆಯವರಿಗೂ ತಮಗೆ ಇದೆಲ್ಲ ಬೇಕಾದೀತು ಅನ್ನಿಸಿರಲಿಲ್ಲ. ಒಂದು ದಿನ ಗಡ್ಡೆ ಬಿಡಿಸುವಾಗ ಅವರದೇ ಕೈ ತಪ್ಪಿ ಹೃದಯಕ್ಕೆ ಹೋಗುವ ದೊಡ್ಡ ರಕ್ತನಾಳ ಹರಿಯಿತು. ರಕ್ತ ಉಕ್ಕಿತು. ಬೆಳಗ್ಗೆ ಪಟ್ಟಿ ಓದುವಾಗ ರಕ್ತ ಎತ್ತಿಟ್ಟಿಲ್ಲ ಎಂಬುದನ್ನು ನರ್ಸ್ ಗಮನಿಸಿ, ತರಿಸಿಟ್ಟಿದ್ದಳು. ರೋಗಿ ಬದುಕಿದ.

ಹೆರಿಗೆಗೂ ಇಂಥದೇ ಪಟ್ಟಿ ಬಂತು. ಅದನ್ನು ಮೊದಲು ಒರೆಗೆ ಹಚ್ಚಿದ್ದು ಕರ್ನಾಟಕದ ಹೆರಿಗೆ ಕೇಂದ್ರವೊಂದರಲ್ಲಿ, 2010ರಲ್ಲಿ. ಆಗಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಆಗುತ್ತಿದ್ದದ್ದು 25ಕ್ಕೆ ಏರಿತು.

ಕುರುಗೋಡಿರಲಿ, ಸಿರುಗುಪ್ಪವಿರಲಿ, ಹೆರಿಗೆ ಬಿಗಿಯಾದರೆ ಆಂಬುಲೆನ್ಸ್ ಓಡುವುದು ಬಳ್ಳಾರಿಗೆ. 2024ರ ನವೆಂಬರಿನಲ್ಲಿ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಕಿಡ್ನಿ ಕೈಕೊಟ್ಟು ಮಲಗಿದರು. ಐವರು ಉಳಿಯಲಿಲ್ಲ. ಅನುಮಾನ ಹೋದದ್ದು ಕತ್ತಿ ಹಿಡಿದವರತ್ತ ಅಲ್ಲ, ಡ್ರಿಪ್ಪಿಗೆ ತೂಗುಹಾಕಿದ ರಿಂಗರ್ ಲ್ಯಾಕ್ಟೇಟ್ ಬಾಟಲಿಯತ್ತ. ಸರ್ಕಾರ ಆ ದ್ರಾವಣವನ್ನು ತಡೆಹಿಡಿಯಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು.

ಔಷಧಿ ನೋಡಿದಿರಾ ಎಂಬ ಪ್ರಶ್ನೆ ಪಟ್ಟಿಯಲ್ಲೇನೋ ಇದೆ. ಸಿಸ್ಟರ್ ಬಾಟಲಿ ಎತ್ತಿ ಬೆಳಕಿಗೆ ಹಿಡಿಯುತ್ತಾಳೆ. ತಾರೀಖು ಸರಿ, ಸೀಲು ಸರಿ, ನೀರೂ ತಿಳಿಯಾಗಿದೆ.